ನಿಂತ ಬಸ್ಸು, ಓಡುವ ವ್ಯಾನು: ಕೋಲಾರ ಜಿಲ್ಲೆಯ ಹಂಚಿಕೆ ಪ್ರಯಾಣದ ಲೆಕ್ಕಪತ್ರ

ಯಾವುದೇ ಊರಿನ ವ್ಯಾಪಾರವು ಅಲ್ಲಿಗೆ ಜನರು ಬಂದುಹೋಗುವ ಅನುಕೂಲತೆಯ ಮೇಲೆ ನಿಂತಿರುತ್ತದೆ. ಸರಕು ಸಾಗಣೆಯ ಲಾರಿ ಬಾಡಿಗೆಯನ್ನು ಪೈಸೆ ಪೈಸೆಯಾಗಿ ಲೆಕ್ಕ ಹಾಕುವ ವರ್ತಕರು, ಆ ಸರಕನ್ನು ಇಳಿಸುವ ಹಮಾಲಿ, ತೂಗುವ ಗುಮಾಸ್ತ ಮತ್ತು ಕೊಳ್ಳುವ ಗಿರಾಕಿ ಯಾವ ವಾಹನದಲ್ಲಿ ಬರುತ್ತಾರೆಂಬುದನ್ನು ಸಾಮಾನ್ಯವಾಗಿ ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಸ್ಸು ನಿಂತ ದಾರಿಯಲ್ಲಿ ವ್ಯಾನು ಓಡುತ್ತಿದ್ದರೆ ಸಮಸ್ಯೆ ಬಗೆಹರಿಯಿತೆಂದೇ ಭಾವಿಸಲಾಗುತ್ತದೆ. ಆದರೆ ವ್ಯಾನಿನ ಟಿಕೆಟ್ ದರವು ಆ ಪ್ರಯಾಣದ ಪೂರ್ಣ ವೆಚ್ಚವಲ್ಲ. ಅದರಲ್ಲಿ ಸೇರದೆ ಉಳಿದ ಒಂದು ಸಣ್ಣ ಮೊತ್ತವು ಅಪಘಾತದ ದಿನ ಬಹು ದೊಡ್ಡ ಮೊತ್ತವಾಗಿ ಯಾರದೋ ಪುಸ್ತಕದಲ್ಲಿ ಖರ್ಚಿಗೆ ಬೀಳುತ್ತದೆ. ಆ ಪುಸ್ತಕವು ವರ್ತಕರದ್ದೇ ಆಗಿರಬಹುದೆಂಬುದು ಈ ಲೇಖನದ ಮುಖ್ಯ ವಿಷಯ.

ಹಿನ್ನೆಲೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ಪಟ್ಟಣಗಳ ವ್ಯಾಪಾರ ಸಂಬಂಧಗಳು ಬಹು ಹಳೆಯವು. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯ ಟೊಮ್ಯಾಟೊ ವಹಿವಾಟು ಮತ್ತು ಶ್ರೀನಿವಾಸಪುರದ ಮಾವು ದೇಶದ ನಾನಾ ಭಾಗಗಳಿಗೆ ಪರಿಚಿತ. ಮಾಲೂರು, ನರಸಾಪುರ ಹಾಗೂ ವೇಮಗಲ್ ಕೈಗಾರಿಕಾ ಪ್ರದೇಶಗಳು ಸುತ್ತಲಿನ ಹಳ್ಳಿಗಳಿಂದ ಪ್ರತಿದಿನ ಕೆಲಸಗಾರರನ್ನು ಸೆಳೆಯುತ್ತವೆ. ಮಾಲೂರು ಬೆಂಗಳೂರು-ಜೋಲಾರಪೇಟೆ ರೈಲುಮಾರ್ಗದಲ್ಲಿದೆ. ಶ್ರೀನಿವಾಸಪುರವು ಕೋಲಾರ-ಚಿಕ್ಕಬಳ್ಳಾಪುರ ಮಾರ್ಗದಲ್ಲಿದೆ. ಮುಳಬಾಗಿಲಿಗೆ ರೈಲು ಸಂಪರ್ಕವೇ ಇಲ್ಲ. ಆ ಪಟ್ಟಣದ ಪಾಲಿಗೆ ರಸ್ತೆಯೇ ಸರ್ವಸ್ವ.

ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆಯು 1948ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. 1961ರ ಆಗಸ್ಟಿನಲ್ಲಿ ಅದು ನಿಗಮದ ರೂಪ ಪಡೆಯಿತು. ನಂತರ ‘ಕೋಲಾರ ಪಾಕೆಟ್ ಸ್ಕೀಮ್’ ಎಂದು ಹೆಸರಾದ 1968ರ ರಾಷ್ಟ್ರೀಕರಣ ಯೋಜನೆಯ ಮೂಲಕ ಈ ಭಾಗದ ಮಾರ್ಗಗಳನ್ನು ನಿಗಮಕ್ಕೆ ಮೀಸಲಿಡಲಾಯಿತು. ಮೀಸಲಾತಿಯೆಂದರೆ ಹಕ್ಕಿನ ಜೊತೆಗೆ ಹೊಣೆ. ಹೊಣೆಯಿಂದ ಹಿಂದೆ ಸರಿದು ಹಕ್ಕನ್ನು ಮಾತ್ರ ಉಳಿಸಿಕೊಂಡರೆ ಮಧ್ಯೆ ಉಂಟಾಗುವ ಬರಿದಾದ ಜಾಗದಲ್ಲಿ ಬೇರೆಯವರು ಬಂದು ನಿಲ್ಲುವುದು ಸಹಜ.

2020ರ ಮಾರ್ಚಿನ ಲಾಕ್‌ಡೌನ್ ನಂತರ ಅದೇ ವರ್ಷ ಮೇ 19ರಂದು ಬಸ್ಸುಗಳು ಮತ್ತೆ ರಸ್ತೆಗಿಳಿದವು. ಆದರೂ ಹಳ್ಳಿಗಳ ಮತ್ತು ಪಟ್ಟಣದ ಒಳಮಾರ್ಗಗಳ ಅನೇಕ ಸುತ್ತುವಳಿಗಳು ಮೊದಲಿನಂತಾಗಲಿಲ್ಲವೆಂಬ ದೂರು ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಕೇಳಿಬಂತು. 2021ರ ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರ ಮುಷ್ಕರ ನಡೆದಾಗ ಸರ್ಕಾರವೇ ಖಾಸಗಿ ಬಸ್ಸು ಹಾಗೂ ಮ್ಯಾಕ್ಸಿಕ್ಯಾಬುಗಳನ್ನು ನಿಗಮದ ನಿಲ್ದಾಣಗಳೊಳಗೆ ಕರೆಯಿತು. ಹಿಂದಿನ ದಿನದವರೆಗೆ ತಪಾಸಣೆಗೆ ಹೆದರಿ ನಿಲ್ದಾಣದ ಹೊರಗೆ ನಿಲ್ಲುತ್ತಿದ್ದ ವಾಹನವು ಎರಡು ವಾರ ನಿಲ್ದಾಣದೊಳಗಿನ ಅಧಿಕೃತ ಸೇವೆಯಾಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ನ್ಯೂಯಾರ್ಕಿನಲ್ಲಿ 1980ರ ಏಪ್ರಿಲಿನಲ್ಲಿ ಸಾರಿಗೆ ನೌಕರರು 11 ದಿನ ಮುಷ್ಕರ ಹೂಡಿದಾಗ ತಲೆಗೊಂದು ಡಾಲರ್ ಪಡೆದು ಓಡಿದ ಖಾಸಗಿ ವ್ಯಾನುಗಳು ಮುಷ್ಕರ ಮುಗಿದ ಮೇಲೂ ‘ಡಾಲರ್ ವ್ಯಾನ್’ ಎಂಬ ಹೆಸರಿನಲ್ಲಿ ಉಳಿದುಕೊಂಡವು. ತಾತ್ಕಾಲಿಕವಾಗಿ ಬಂದ ವ್ಯವಸ್ಥೆಯು ಅಗತ್ಯವಿರುವಲ್ಲಿ ಕಾಯಂ ಆಗುತ್ತದೆ.

ಬಸ್ಸು ಏಕೆ ನಿಲ್ಲುತ್ತದೆ?

ರಸ್ತೆ ಸಾರಿಗೆ ನಿಗಮಗಳ ಕಾಯ್ದೆ, 1950ರ 18ನೇ ಕಲಮು ದಕ್ಷ, ಸಮರ್ಪಕ, ಮಿತವ್ಯಯದ ಹಾಗೂ ಸುಸಂಘಟಿತ ಸೇವೆಯನ್ನು ಒದಗಿಸುವುದು ನಿಗಮದ ಕರ್ತವ್ಯವೆಂದು ಹೇಳುತ್ತದೆ. ಅದೇ ಕಾಯ್ದೆಯ 22ನೇ ಕಲಮು ನಿಗಮವು ವ್ಯಾವಹಾರಿಕ ತತ್ವಗಳ ಮೇಲೆ ನಡೆಯಬೇಕೆನ್ನುತ್ತದೆ. ಜನಸಂಚಾರ ವಿರಳವಾದ ಮಾರ್ಗದಲ್ಲಿ ಈ ಎರಡು ಕಲಮುಗಳು ಪರಸ್ಪರ ಎದುರಾಗುತ್ತವೆ. ಘಟಕ ವ್ಯವಸ್ಥಾಪಕರ ಮುಂದಿರುವ ಅಳತೆಗೋಲು ಕಿಲೋಮೀಟರೊಂದಕ್ಕೆ ಬಂದ ಆದಾಯ ಮತ್ತು ಕಿಲೋಮೀಟರೊಂದಕ್ಕೆ ತಗಲಿದ ವೆಚ್ಚ ಎಂಬ ಎರಡು ಅಂಕಿಗಳು.

ಲೆಕ್ಕ ಸುಲಭವಾಗಲೆಂದು ಕೆಲವು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳಬಹುದು. 20 ಕಿ.ಮೀ. ಉದ್ದದ ಒಂದು ಮಾರ್ಗ. ಬಸ್ಸಿನ ಒಟ್ಟು ವೆಚ್ಚ ಕಿ.ಮೀ.ಗೆ ರೂ. 50, ಅಂದರೆ ಸುತ್ತುವಳಿಯೊಂದಕ್ಕೆ ರೂ. 1,000. ಇದರಲ್ಲಿ ಡೀಸೆಲ್, ಟೈರು ಮತ್ತು ದುರಸ್ತಿಯಂತಹ ಚಲ ವೆಚ್ಚ ರೂ. 400. ಸಿಬ್ಬಂದಿ ವೇತನ, ಸವಕಳಿ ಮತ್ತು ಮೇಲ್ವೆಚ್ಚಗಳಂತಹ ಸ್ಥಿರ ವೆಚ್ಚ ರೂ. 600. ತಲಾ ರೂ. 30ರಂತೆ 16 ಪ್ರಯಾಣಿಕರಿಂದ ಬರುವ ಆದಾಯ ರೂ. 480.

ಪೂರ್ಣ ವೆಚ್ಚದ ಪದ್ಧತಿಯಲ್ಲಿ ಇದು ರೂ. 520 ನಷ್ಟದ ಸುತ್ತುವಳಿ. ಸೀಮಾಂತ ವೆಚ್ಚದ ಪದ್ಧತಿಯಲ್ಲಿ ಚಲ ವೆಚ್ಚವನ್ನು ಕಳೆದು ರೂ. 80 ಕೊಡುಗೆ ಉಳಿಯುತ್ತದೆ. ವಾಣಿಜ್ಯ ಪದವಿಯ ಪಾಠದ ಪ್ರಕಾರ, ಸ್ಥಿರ ವೆಚ್ಚವು ಹೇಗಿದ್ದರೂ ತಪ್ಪದಿರುವಾಗ ರೂ. 80 ಕೊಡುವ ಸುತ್ತುವಳಿಯನ್ನು ನಿಲ್ಲಿಸಬಾರದು. ಆದರೆ ಅದೇ ಬಸ್ಸು, ಅದೇ ಸಿಬ್ಬಂದಿ ಹೆದ್ದಾರಿಯ ಮೇಲೆ ಅಷ್ಟೇ ದೂರಕ್ಕೆ 40 ಪ್ರಯಾಣಿಕರನ್ನು ಒಯ್ದರೆ ಆದಾಯ ರೂ. 1,200, ಕೊಡುಗೆ ರೂ. 800. ಬಸ್ಸುಗಳ ಸಂಖ್ಯೆ ಸೀಮಿತವಾಗಿರುವಾಗ ರೂ. 800ನ್ನು ಬಿಟ್ಟು ರೂ. 80ರ ಹಿಂದೆ ಹೋಗುವವರಿಲ್ಲ. ಹಳ್ಳಿಯ ಬಸ್ಸು ನಿಲ್ಲುವುದು ನಷ್ಟದ ಕಾರಣಕ್ಕಿಂತಲೂ ಹೆಚ್ಚಾಗಿ ಈ ಅವಕಾಶ ವೆಚ್ಚದ ಕಾರಣದಿಂದ ಎಂಬುದನ್ನು ಗಮನಿಸಬೇಕು.

ಕೇಂದ್ರ ಸರ್ಕಾರವು 2005ರ ಡಿಸೆಂಬರಿನಲ್ಲಿ ಆರಂಭಿಸಿದ ‘ನರ್ಮ್’ ಯೋಜನೆಯಡಿ ನಗರ ಬಸ್ಸುಗಳ ಖರೀದಿಗೆ ಸಹಾಯಧನ ದೊರೆಯಿತು. 2013ರಲ್ಲಿ ದೇಶಕ್ಕೆ 10,000 ಬಸ್ಸುಗಳ ಗುರಿಯೊಂದಿಗೆ ಸಣ್ಣ ಪಟ್ಟಣಗಳಿಗೂ ಅದನ್ನು ವಿಸ್ತರಿಸಲಾಯಿತು. ಆದರೆ ಅದು ಬಂಡವಾಳ ವೆಚ್ಚಕ್ಕೆ ಮಾತ್ರ ದೊರೆತ ನೆರವು. ದಿನನಿತ್ಯದ ಓಡಾಟದ ಕೊರತೆಯನ್ನು ತುಂಬಿಕೊಡುವ ಏರ್ಪಾಡು ಅದರಲ್ಲಿರಲಿಲ್ಲ. ಆಸ್ತಿಯನ್ನು ದಾನವಾಗಿ ಪಡೆದು ದುಡಿಯುವ ಬಂಡವಾಳವಿಲ್ಲದೆ ನಡೆಸುವ ಸಂಸ್ಥೆ ಎಷ್ಟು ದಿನ ನಡೆಯುವುದೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ವ್ಯಾನು ಏಕೆ ಓಡುತ್ತದೆ?

ಅದೇ 20 ಕಿ.ಮೀ. ಮಾರ್ಗದಲ್ಲಿ ಚಾಲಕನ ಕೂಲಿ, ಇಂಧನ, ದುರಸ್ತಿ ಮತ್ತು ಸಾಲದ ಕಂತು ಸೇರಿ ವ್ಯಾನಿನ ವೆಚ್ಚ ಕಿ.ಮೀ.ಗೆ ರೂ. 16 ಎಂದಿಟ್ಟುಕೊಂಡರೆ ಸುತ್ತುವಳಿಗೆ ರೂ. 320. ತಲಾ ರೂ. 30ರಂತೆ 12 ಪ್ರಯಾಣಿಕರಿಂದ ರೂ. 360. ಉಳಿತಾಯ ರೂ. 40. ಈಗ ನ್ಯಾಯಬದ್ಧ ರಹದಾರಿ, ತೆರಿಗೆ, ಅರ್ಹತಾ ಪತ್ರ ಹಾಗೂ ಪ್ರಯಾಣಿಕರನ್ನೊಳಗೊಂಡ ವಿಮೆಯ ವೆಚ್ಚವನ್ನು ಸುತ್ತುವಳಿಗೆ ರೂ. 60 ಎಂದು ಸೇರಿಸಿದರೆ ವೆಚ್ಚ ರೂ. 380 ಆಗಿ, ರೂ. 20 ನಷ್ಟ ಬರುತ್ತದೆ.

ಈ ನಷ್ಟದಿಂದ ತಪ್ಪಿಸಿಕೊಳ್ಳಲು ಮಾಲೀಕನಿಗೆ ಎರಡು ದಾರಿಗಳಿವೆ. ಆ ರೂ. 60ನ್ನು ಖರ್ಚು ಮಾಡದಿರುವುದು ಒಂದು. 12 ಜನರ ಜಾಗದಲ್ಲಿ 20 ಜನರನ್ನು ಕೂರಿಸುವುದು ಇನ್ನೊಂದು. ಎರಡನ್ನೂ ಮಾಡಿದರೆ ಆದಾಯ ರೂ. 600, ಉಳಿತಾಯ ರೂ. 280. ಬಾಗಿಲಿಗೆ ಜೋತುಬಿದ್ದ ಪ್ರಯಾಣಿಕರನ್ನು ಕಂಡು ಮಾಲೀಕನ ದುರಾಶೆಯೆಂದು ಬೈಯುವುದು ಸುಲಭ. ಆದರೆ ಆ ಜೋತುಬಿದ್ದವರಲ್ಲೇ ಅವನ ಲಾಭವಿದೆ.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ದರವನ್ನು ರೂ. 30ರಿಂದ ರೂ. 35ಕ್ಕೆ ಏರಿಸಿದರೆ 12 ಪ್ರಯಾಣಿಕರಿಂದ ರೂ. 420 ಬರುತ್ತದೆ. ಎಲ್ಲ ನ್ಯಾಯಬದ್ಧ ವೆಚ್ಚವನ್ನೂ ಕಳೆದು ಅದೇ ರೂ. 40 ಉಳಿಯುತ್ತದೆ. ಅಂದರೆ, ಮಿತಿಮೀರದೆ ಜನರನ್ನು ಹತ್ತಿಸುವ ಎರಡು ವ್ಯಾನುಗಳಲ್ಲಿ ಒಂದು ವಿಮೆಯಿದ್ದು ಮತ್ತೊಂದು ವಿಮೆಯಿಲ್ಲದೆ ಓಡಿದರೆ, ಅವುಗಳ ನಡುವಿನ ಅಂತರ ಈ ಉದಾಹರಣೆಯಲ್ಲಿ ತಲೆಗೆ ರೂ. 5 ಮಾತ್ರ. ಅಂಕಿಗಳು ಮಾರ್ಗದಿಂದ ಮಾರ್ಗಕ್ಕೆ ಬದಲಾಗಬಹುದು, ತತ್ವ ಬದಲಾಗದು.

ಕಾನೂನಿನಲ್ಲಿ ವ್ಯಾನಿನ ಸ್ಥಾನ

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕಾರ ಚಾಲಕನನ್ನು ಬಿಟ್ಟು 6ಕ್ಕಿಂತ ಹೆಚ್ಚು, 12ಕ್ಕೆ ಮೀರದ ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವ ವಾಹನವೇ ಮ್ಯಾಕ್ಸಿಕ್ಯಾಬ್. ಬಾಡಿಗೆ ವಾಹನಗಳನ್ನು ಕಾಯ್ದೆಯು ಎರಡು ಬಗೆಯಾಗಿ ನೋಡುತ್ತದೆ. ಒಬ್ಬೊಬ್ಬ ಪ್ರಯಾಣಿಕನಿಂದ ಬೇರೆ ಬೇರೆ ದರ ಪಡೆದು, ಪೂರ್ಣ ಮಾರ್ಗಕ್ಕೋ ಅದರ ಒಂದು ಮಜಲಿಗೋ ಒಯ್ಯುವುದು ಮಜಲು ವಾಹನ. ಇಡೀ ವಾಹನವನ್ನು ಒಂದು ಒಪ್ಪಂದದ ಮೇಲೆ ಪಡೆದು, ದಾರಿಯಲ್ಲಿ ಒಪ್ಪಂದಕ್ಕೆ ಸೇರದವರನ್ನು ಹತ್ತಿಸದೆ, ಇಳಿಸದೆ ಹೋಗುವುದು ಒಪ್ಪಂದ ವಾಹನ. ಮ್ಯಾಕ್ಸಿಕ್ಯಾಬನ್ನು ಕಾಯ್ದೆಯು ಒಪ್ಪಂದ ವಾಹನದ ವರ್ಗಕ್ಕೆ ಸೇರಿಸಿದೆ. ಬಿಡಿ ದರ ಪಡೆದರೂ ಒಪ್ಪಂದ ವಾಹನವೇ ಎಂಬ ಮಾತು ಬಂದಿರುವುದು 6 ಪ್ರಯಾಣಿಕರ ಮೋಟಾರು ಕ್ಯಾಬಿನ ಜೊತೆಗೆ. ದಾರಿಯಲ್ಲಿ ಕೈತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುವ ವ್ಯಾನು ಮಾಡುತ್ತಿರುವುದು ಮಜಲು ವಾಹನದ ಕೆಲಸ. ಅದರ ಕೈಯಲ್ಲಿರುವುದು ಒಪ್ಪಂದ ವಾಹನದ ರಹದಾರಿ. ಕೆಲವರ ಕೈಯಲ್ಲಿ ಅದೂ ಇರುವುದಿಲ್ಲ. ಸ್ವಂತ ಬಳಕೆಗೆ ನೋಂದಾಯಿಸಿದ ಬಿಳಿ ಫಲಕದ ವಾಹನವೇ ಬಾಡಿಗೆಗೆ ಓಡುತ್ತದೆ. ರಹದಾರಿಯಿಲ್ಲದೆ ಓಡಿಸಿದರೆ 192ಎ ಕಲಮಿನಂತೆ ದಂಡನೆಗೂ 207ನೇ ಕಲಮಿನಂತೆ ವಾಹನ ವಶಪಡಿಸಿಕೊಳ್ಳಲಿಕ್ಕೂ ಅವಕಾಶವಿದೆ.

ಅಪಘಾತದ ದಿನದ ಲೆಕ್ಕ

ದಂಡವು ವಾಹನ ಮಾಲೀಕನಿಗೆ ಸಂಬಂಧಿಸಿದ ವಿಚಾರ. ಪ್ರಯಾಣಿಕನಿಗೆ ಸಂಬಂಧಿಸಿದ್ದು ವಿಮೆ. ಇಲ್ಲಿ ಮೂರು ಸಂದರ್ಭಗಳನ್ನು ಪ್ರತ್ಯೇಕವಾಗಿ ತಿಳಿಯಬೇಕು.

ಮೊದಲನೆಯದು, ಬಿಳಿ ಫಲಕದ ವಾಹನ. ಖಾಸಗಿ ವಾಹನದ ವಿಮಾಪತ್ರವು ಬಾಡಿಗೆಯ ಬಳಕೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತದೆ. ಹಣ ಕೊಟ್ಟು ಕುಳಿತ ಪ್ರಯಾಣಿಕನಿಗೆ ಆ ವಿಮಾಪತ್ರ ಆಸರೆಯಾಗುವುದು ಕಷ್ಟ.

ಎರಡನೆಯದು, ರಹದಾರಿಯಿಲ್ಲದ ಅಥವಾ ರಹದಾರಿಯ ಉದ್ದೇಶವನ್ನು ಮೀರಿದ ವಾಹನ. ವಿಮಾ ಕಂಪನಿಯು ಎತ್ತಬಹುದಾದ ಆಕ್ಷೇಪಣೆಗಳಲ್ಲಿ ಇದೂ ಒಂದೆಂದು ಕಾಯ್ದೆಯೇ ಹೇಳಿದೆ. ರಹದಾರಿಯಿಲ್ಲದೆ ವಾಹನವನ್ನು ರಸ್ತೆಗಿಳಿಸುವುದು ಶಾಸನದ ಮೂಲಭೂತ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯವು ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ (2018) ತೀರ್ಪಿತ್ತಿದೆ. ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಬೇಕೆಂಬ ಆದೇಶವನ್ನು ಆ ಪ್ರಕರಣದಲ್ಲಿ ಎತ್ತಿಹಿಡಿಯಲಾಯಿತು. ಇಂತಹ ಆದೇಶದಿಂದ ಸಂತ್ರಸ್ತನಿಗೆ ಹಣ ದೊರೆತರೂ, ಒಂದೇ ವ್ಯಾನನ್ನು ನಂಬಿದ ಮಾಲೀಕನ ಕುಟುಂಬಕ್ಕೆ ಆ ವಸೂಲಾತಿಯು ಜೀವನಪರ್ಯಂತದ ಸಾಲವಾಗುತ್ತದೆ.

ಮೂರನೆಯದು, ಎಲ್ಲ ಕಾಗದಪತ್ರಗಳೂ ಸರಿಯಿದ್ದು ಮಿತಿಮೀರಿ ಜನರನ್ನು ತುಂಬಿದ ವಾಹನ. ಅಂಜನಾ ಶ್ಯಾಮ್ ಪ್ರಕರಣದಲ್ಲಿ (2007) ಸರ್ವೋಚ್ಚ ನ್ಯಾಯಾಲಯವು ವಿಮಾ ಕಂಪನಿಯ ಹೊಣೆಯನ್ನು ವಿಮೆಗೆ ಒಳಪಟ್ಟ ಪ್ರಯಾಣಿಕರ ಸಂಖ್ಯೆಗೆ ಮಿತಗೊಳಿಸಿತು. ಹೆಚ್ಚಿನ ಮೊತ್ತದ ಪರಿಹಾರಗಳಿಂದ ಆರಂಭಿಸಿ ಅಷ್ಟು ಸಂಖ್ಯೆಯವರೆಗೆ ಒಟ್ಟುಗೂಡಿಸಿದ ಹಣವನ್ನು ಎಲ್ಲ ಸಂತ್ರಸ್ತರಿಗೂ ಪ್ರಮಾಣಾನುಸಾರ ಹಂಚಬೇಕು. ಉಳಿದದ್ದನ್ನು ಮಾಲೀಕನಿಂದ ಪಡೆಯಬೇಕು. 12 ಆಸನದ ವ್ಯಾನಿನಲ್ಲಿ 20 ಜನ ಕುಳಿತರೆ ಹೆಚ್ಚುವರಿ 8 ಜನ ಮಾತ್ರ ಅಪಾಯದಲ್ಲಿರುವುದಿಲ್ಲ. ಮೊದಲು ಬಂದು ಆಸನ ಹಿಡಿದು ಕುಳಿತ 12 ಜನರ ಪರಿಹಾರವೂ ವಿಮಾ ಕಂಪನಿಯಿಂದ ಪೂರ್ಣವಾಗಿ ಬರುವ ಭರವಸೆಯಿಲ್ಲ.

ವರ್ತಕರ ಪುಸ್ತಕಕ್ಕೆ ಬರುವ ಹೊಣೆ

ಮಾಲೀಕನಲ್ಲಿ ಹಣವಿಲ್ಲದಿದ್ದರೆ ಸಂತ್ರಸ್ತನ ಕುಟುಂಬ ಯಾರತ್ತ ನೋಡಬೇಕು? ಬೆಳಗಿನ ಜಾವ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಕೋಲಾರದ ಮಾರುಕಟ್ಟೆಗೆ ಕೆಲಸಕ್ಕೆ ಬರುವ ಒಬ್ಬ ನೌಕರನನ್ನು ಊಹಿಸಿಕೊಳ್ಳಬಹುದು. ಆ ಹೊತ್ತಿಗೆ ಅವನ ಊರಿನಿಂದ ಬಸ್ಸಿಲ್ಲ, ವ್ಯಾನಿದೆ. ದಾರಿಯಲ್ಲಿ ಅಪಘಾತವಾದರೆ ಅದು ಕೆಲಸಕ್ಕೆ ಸಂಬಂಧಿಸಿದ ಅಪಘಾತವೇ?

ಕಾರ್ಮಿಕ ರಾಜ್ಯ ವಿಮಾ ಕಾಯ್ದೆಗೆ 2010ರಲ್ಲಿ ಸೇರಿದ 51ಇ ಕಲಮು, ಮನೆಯಿಂದ ಕೆಲಸಕ್ಕೆ ಹಾಗೂ ಕೆಲಸದಿಂದ ಮನೆಗೆ ಹೋಗುವಾಗಿನ ಅಪಘಾತವನ್ನು, ಸಂದರ್ಭ, ಸಮಯ ಮತ್ತು ಸ್ಥಳಗಳಿಗೆ ಉದ್ಯೋಗದೊಡನೆ ನಂಟಿರುವುದು ಸಿದ್ಧವಾದರೆ, ಉದ್ಯೋಗದ ಅವಧಿಯ ಅಪಘಾತವೆಂದೇ ಭಾವಿಸತಕ್ಕದ್ದೆಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ತನ್ನ 74ನೇ ಕಲಮಿನಲ್ಲಿ ಇದೇ ತತ್ವವನ್ನು ಮಾಲೀಕರೇ ನೇರವಾಗಿ ಕೊಡಬೇಕಾದ ಉದ್ಯೋಗಿಗಳ ಪರಿಹಾರಕ್ಕೂ ವಿಸ್ತರಿಸಿದೆ. ಇ.ಎಸ್.ಐ. ವ್ಯಾಪ್ತಿಗೆ ಬಾರದ ಸಣ್ಣ ಸಂಸ್ಥೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ವ್ಯಾನಿನ ಟಿಕೆಟ್ಟಿನಲ್ಲಿ ಸೇರದೆ ಹೋದ ಆ ರೂ. 5 ಹೀಗೆ ಸುತ್ತಿ ಬಳಸಿ ಅಂಗಡಿಯ ಖಾತೆಗೆ ಬಂದು ಸೇರಬಹುದು.

ನೌಕರರಿಗಾಗಿ ತಾವೇ ವಾಹನ ಗೊತ್ತುಮಾಡುವವರು ಇನ್ನೊಂದನ್ನು ತಿಳಿದಿರಬೇಕು. ಚಾಲಕನೂ ಸೇರಿ 13 ಆಸನಗಳಿಗೆ ಮೀರದ ಪ್ರಯಾಣಿಕ ವಾಹನದ ಖರೀದಿ ಅಥವಾ ಬಾಡಿಗೆಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ಸಾಮಾನ್ಯವಾಗಿ ದೊರೆಯುವುದಿಲ್ಲ. ವಾಹನ ಒದಗಿಸುವುದು ಯಾವುದಾದರೂ ಕಾಯ್ದೆಯನ್ವಯ ಮಾಲೀಕರಿಗೆ ಕಡ್ಡಾಯವಾಗಿದ್ದರೆ ಮಾತ್ರ ವಿನಾಯಿತಿ. 12 ಪ್ರಯಾಣಿಕರು ಮತ್ತು ಚಾಲಕ ಸೇರಿದ ಮ್ಯಾಕ್ಸಿಕ್ಯಾಬ್ ಸರಿಯಾಗಿ ಈ ಮಿತಿಯೊಳಗೇ ಬೀಳುತ್ತದೆ. ವ್ಯಾನು ಮಾಲೀಕರಿಗೂ ಒಂದು ಸೂಚನೆ: ಸರಕು ವಾಹನಗಳಿಗಿರುವ, ವಾಹನವೊಂದಕ್ಕೆ ಇಷ್ಟೆಂದು ಆದಾಯ ತೋರಿಸುವ ಸರಳ ಆದಾಯ ತೆರಿಗೆ ಪದ್ಧತಿಯು ಪ್ರಯಾಣಿಕ ವಾಹನಗಳಿಗೆ ಅನ್ವಯಿಸುವುದಿಲ್ಲ.

ಬಸ್ಸಿಲ್ಲದ ಊರಿಗೆ ಉಚಿತ ಪ್ರಯಾಣ

2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ಬಸ್ಸಿರುವ ಮಾರ್ಗಗಳಲ್ಲಿ ಖಾಸಗಿ ವಾಹನಗಳು ಮಹಿಳಾ ಪ್ರಯಾಣಿಕರನ್ನು ಕಳೆದುಕೊಂಡವು. ಅದೇ ವರ್ಷ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆ ಸಂಘಟನೆಗಳು ನಡೆಸಿದ ಬಂದ್‌ಗೆ ಇದೂ ಒಂದು ಕಾರಣವಾಗಿತ್ತು. ಬಸ್ಸು ನಿಂತ ಮಾರ್ಗದಲ್ಲಾದರೋ ಈ ಯೋಜನೆಯ ಬೆಲೆ ಶೂನ್ಯ. ಮೇಲಿನ ಉದಾಹರಣೆಯ ದರದಲ್ಲಿ ದಿನಕ್ಕೆರಡು ಬಾರಿಯಂತೆ 25 ದಿನ ವ್ಯಾನು ಹತ್ತುವ ಮಹಿಳೆಯು ತಿಂಗಳಿಗೆ ರೂ. 1,500 ಕೊಡುತ್ತಾಳೆ, ಬಸ್ಸಿರುವ ಪಕ್ಕದೂರಿನವಳು ಏನನ್ನೂ ಕೊಡಬೇಕಿಲ್ಲ. ಒಂದೇ ಕೂಲಿಗೆ ದುಡಿಯುವ ಇಬ್ಬರ ನಡುವೆ ಈ ವ್ಯತ್ಯಾಸವಿರುವಾಗ ಬಸ್ಸಿಲ್ಲದ ಊರಿನಿಂದ ಕೆಲಸಕ್ಕೆ ಬರುವವರು ಕಡಿಮೆಯಾಗುತ್ತಾರೆ.

ಪರಿಹಾರದ ದಾರಿಗಳು

ವ್ಯಾನುಗಳನ್ನು ಓಡಿಸಬಾರದೆನ್ನುವುದು ಪರಿಹಾರವಲ್ಲ; ಬಸ್ಸು ಮರಳದೆ ವ್ಯಾನೂ ನಿಂತರೆ ಉಳಿಯುವುದು ಕಾಲ್ನಡಿಗೆ. ಬಸ್ಸು ಮರಳಲೆಂದು ಒತ್ತಾಯಿಸುವುದು ಮೊದಲ ಕೆಲಸ. ಅದು ಮರಳುವವರೆಗೆ ವ್ಯಾನನ್ನು ಕಾನೂನಿನೊಳಗೆ ತರುವುದು ಎರಡನೆಯ ಕೆಲಸ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ.

1. 104ನೇ ಕಲಮಿನ ಪರಂತುಕ: ರಾಷ್ಟ್ರೀಕೃತ ಮಾರ್ಗದಲ್ಲಿ ಯೋಜನೆಗೆ ವಿರುದ್ಧವಾಗಿ ಯಾರಿಗೂ ರಹದಾರಿ ಕೊಡುವಂತಿಲ್ಲ. ಆದರೆ ನಿಗಮವು ಆ ಮಾರ್ಗಕ್ಕೆ ರಹದಾರಿ ಕೋರಿ ಅರ್ಜಿ ಸಲ್ಲಿಸಿಲ್ಲದಿದ್ದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರವು ಬೇರೆಯವರಿಗೆ ತಾತ್ಕಾಲಿಕ ರಹದಾರಿ ನೀಡಬಹುದು. ನಿಗಮಕ್ಕೆ ರಹದಾರಿ ದೊರೆತ ದಿನ ಅದು ತಾನಾಗಿ ಕೊನೆಗೊಳ್ಳುತ್ತದೆ. ನಿಗಮದ ಹಕ್ಕಿಗೂ ಪ್ರಯಾಣಿಕನ ಅಗತ್ಯಕ್ಕೂ ಇದರಲ್ಲಿ ಸ್ಥಳವಿದೆ.

2. 87ನೇ ಕಲಮು: ಜಾತ್ರೆ, ಹಂಗಾಮಿನ ವ್ಯಾಪಾರ ಮತ್ತು ನಿರ್ದಿಷ್ಟ ತಾತ್ಕಾಲಿಕ ಅಗತ್ಯಗಳಿಗಾಗಿ 4 ತಿಂಗಳಿಗೆ ಮೀರದ ರಹದಾರಿ. ಶ್ರೀನಿವಾಸಪುರದ ಮಾವಿನ ಹಂಗಾಮಿಗೆ ಹೇಳಿ ಮಾಡಿಸಿದಂತಹ ಅವಕಾಶವಿದು.

3. 67ನೇ ಕಲಮಿನ 3ನೇ ಉಪಕಲಮು: 2019ರ ತಿದ್ದುಪಡಿಯ ಮೂಲಕ ಬಂದ ಈ ಉಪಕಲಮು, ಗ್ರಾಮೀಣ ಸಾರಿಗೆ ಹಾಗೂ ಕೊನೆಯ ಹಂತದ ಸಂಪರ್ಕಕ್ಕಾಗಿ ರಹದಾರಿಗಳನ್ನು ಮಾರ್ಪಡಿಸಲು ಮತ್ತು ಪ್ರತ್ಯೇಕ ಯೋಜನೆ ರೂಪಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ.

ಜಿಲ್ಲೆಯ ಗಡಿಗೆ ಹೊಂದಿಕೊಂಡ ತಮಿಳುನಾಡು ಈ ದಿಕ್ಕಿನಲ್ಲಿ ನಡೆದಿದೆ. ಅಲ್ಲಿ 1997ರಲ್ಲೇ ಮಿನಿಬಸ್ ಯೋಜನೆ ಜಾರಿಗೆ ಬಂದಿತ್ತು. ಅದರ ಪರಿಷ್ಕೃತ ರೂಪಕ್ಕೆ 2025ರ ಜೂನ್ 16ರಂದು ತಂಜಾವೂರಿನಲ್ಲಿ ಚಾಲನೆ ದೊರೆಯಿತು. ಮಾರ್ಗದ ಉದ್ದಕ್ಕೆ 25 ಕಿ.ಮೀ. ಮಿತಿ, ಅದರ ಬಹುಭಾಗ ಬಸ್ಸಿಲ್ಲದ ರಸ್ತೆಯಾಗಿರಬೇಕೆಂಬುದು ಷರತ್ತು. ಖಾಸಗಿಯವರು ಸರ್ಕಾರಿ ಬಸ್ಸಿನ ಲಾಭದ ಮಾರ್ಗವನ್ನು ಕಬಳಿಸದೆ, ಖಾಲಿ ಮಾರ್ಗವನ್ನು ತುಂಬುವಂತೆ ಮಾಡುವ ಸರಳ ಸೂತ್ರವಿದು.

ಸದಸ್ಯರು ಮಾಡಬಹುದಾದದ್ದು

ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರ ಮುಂದೆ ‘ನಮಗೆ ಬಸ್ಸಿಲ್ಲ’ ಎಂಬ ಮನವಿಗಿಂತ ಮಾರ್ಗವಾರು ಪಟ್ಟಿಯು ಹೆಚ್ಚು ಕೆಲಸ ಮಾಡುತ್ತದೆ. ಪ್ರತಿಯೊಂದು ಸಂಸ್ಥೆಯೂ ತನ್ನ ನೌಕರರು ಯಾವ ಊರಿನಿಂದ, ಯಾವ ಹೊತ್ತಿಗೆ, ಯಾವ ವಾಹನದಲ್ಲಿ, ಎಷ್ಟು ದರ ಕೊಟ್ಟು ಬರುತ್ತಾರೆಂಬುದನ್ನು ಒಂದು ತಿಂಗಳು ಬರೆದಿಟ್ಟರೆ ಆ ಪಟ್ಟಿ ಸಿದ್ಧವಾಗುತ್ತದೆ. ನೌಕರರಿಗಾಗಿ ವಾಹನ ಗೊತ್ತುಮಾಡುವಾಗ ಐದು ಸಂಗತಿಗಳನ್ನು ಪರಿಶೀಲಿಸಿ ನಕಲು ಇಟ್ಟುಕೊಳ್ಳಬೇಕು: ಫಲಕದ ಬಣ್ಣ ಹಳದಿಯೇ, ರಹದಾರಿ ಯಾವ ಬಗೆಯದು, ಅರ್ಹತಾ ಪತ್ರದ ಅವಧಿ ಎಂದಿಗೆ ಮುಗಿಯುತ್ತದೆ, ವಿಮಾಪತ್ರದಲ್ಲಿ ಎಷ್ಟು ಪ್ರಯಾಣಿಕರಿಗೆ ಕಂತು ಕಟ್ಟಲಾಗಿದೆ, ಚಾಲಕನ ಪರವಾನಗಿ ಆ ವರ್ಗದ ವಾಹನಕ್ಕೆ ಸಲ್ಲುತ್ತದೆಯೇ. ಹಲವು ಅಂಗಡಿಗಳು ಸೇರಿ ಒಂದೇ ಲಿಖಿತ ಒಪ್ಪಂದದ ಮೇಲೆ ವಾಹನ ಪಡೆದರೆ ವೆಚ್ಚ ಹಂಚಿಹೋಗುತ್ತದೆ. ಒಪ್ಪಂದ ವಾಹನದ ಷರತ್ತೂ ಪಾಲನೆಯಾಗುತ್ತದೆ.

ಉಪಸಂಹಾರ

ಜಮಾ-ಖರ್ಚಿನ ಪುಸ್ತಕದಲ್ಲಿ ಬರೆಯದೆ ಬಿಟ್ಟ ಖರ್ಚು ಇಲ್ಲವಾಗುವುದಿಲ್ಲ. ಅದು ಮುಂದಿನ ಯಾವುದೋ ಪುಟದಲ್ಲಿ ಬಡ್ಡಿಸಹಿತ ಕಾಣಿಸಿಕೊಳ್ಳುತ್ತದೆ. ಹಳ್ಳಿಯ ಬಸ್ಸನ್ನು ನಿಲ್ಲಿಸಿದಾಗ ನಿಗಮದ ಪುಸ್ತಕದಿಂದ ಹೊರಹೋದ ವೆಚ್ಚವನ್ನು ವ್ಯಾನು ಪೂರ್ಣವಾಗಿ ತನ್ನ ಪುಸ್ತಕಕ್ಕೆ ತೆಗೆದುಕೊಂಡಿಲ್ಲ. ನಡುವೆ ಉಳಿದದ್ದನ್ನು ಇಂದು ಹೊತ್ತಿರುವವರು ಬೆಳಗಿನ ಜಾವ ಬಾಗಿಲಿಗೆ ಜೋತುಬಿದ್ದು ಕೆಲಸಕ್ಕೆ ಬರುವ ಜನರು. ಆ ಭಾರವನ್ನು ಟಿಕೆಟ್ಟಿನ ರೂ. 5ರಲ್ಲಿ ಎಲ್ಲರೂ ಹಂಚಿಕೊಳ್ಳಬೇಕೋ, ಅಥವಾ ಒಂದು ದಿನ ಒಂದೇ ಕುಟುಂಬದ ಮೇಲೆ ಬೀಳಲು ಬಿಡಬೇಕೋ ಎಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರದ ವರ್ತಕ ಸಮುದಾಯವು ಈಗಲೇ ತೀರ್ಮಾನಿಸುವುದು ಲೇಸು.